ಅದು ಚುಕ್ಕೆ ಬಾತಲ್ಲ, ಗಾರ್ಗನಿ

ಕೊಪ್ಪಳದ ಹುಲಿಕೆರೆಯಲ್ಲಿ ನವೆಂಬರ್‌ನಲ್ಲಿ ತೆಗೆದ ಚಿತ್ರದ ಕಂದು ಬಾತುಗಳನ್ನು ಲೇಖನದಲ್ಲಿ ‘ಚುಕ್ಕೆ ಕೊಕ್ಕಿನ ಬಾತಿನ ಹೆಣ್ಣು’ ಎಂದು ಬರೆದಿದ್ದೀರಿ. ಅದು ಸರಿಯಲ್ಲ ಸರ್. ಚುಕ್ಕೆ ಬಾತಿನಲ್ಲಿ ಗಂಡು ಹೆಣ್ಣು ಹೆಚ್ಚೂಕಮ್ಮಿ ಒಂದೇ ಥರ: ಕಪ್ಪು ಕೊಕ್ಕಿನ ತುದಿ ಅರಿಸಿನದಲ್ಲಿ ಅದ್ದಿದಷ್ಟು ಹಳದಿ, ಕೂತಾಗಲೂ ರೆಕ್ಕೆಯ ಹಿಂಬದಿಯಲ್ಲಿ ಎದ್ದು ಕಾಣುವ ಬಿಳುಪು. ಈ ಚಿತ್ರದಲ್ಲಿ ಎರಡೂ ಇಲ್ಲ. ಕೊಕ್ಕು ಪೂರ್ತಿ ಬೂದು, ಕಣ್ಣಿನ ಮೇಲೆ ಬಿಳಿಗೆರೆ, ಕಣ್ಣನ್ನು ಹಾದು ಹೋಗುವ ಕಪ್ಪುಗೆರೆ, ಕೊಕ್ಕಿನ ಬುಡದಲ್ಲಿ ತಿಳಿ ಮಚ್ಚೆ. ಇದು ಗಾರ್ಗನಿ, ಅಂದರೆ ಬಿಳಿಹುಬ್ಬಿನ ಬಾತು.

ಹೆಣ್ಣು ಅಂತಲೂ ಖಚಿತವಾಗಿ ಬರೆಯಬೇಡಿ. ಸಂತಾನದ ಕಾಲ ಮುಗಿದ ಮೇಲೆ ಗಂಡು ಗರಿ ಉದುರಿಸಿ ಹೆಣ್ಣಿನ ಬಣ್ಣಕ್ಕೆ ಬರುತ್ತದೆ. ಗಾರ್ಗನಿ ಗಂಡಿಗೆ ಆ ದಪ್ಪ ಬಿಳಿ ಹುಬ್ಬು ಮರಳುವುದು ಬಹಳ ತಡ, ಚಳಿಗಾಲದ ಕೊನೆಗೆ. ಹಾಗಾಗಿ ನವೆಂಬರ್‌ನಲ್ಲಿ ನಂಬಬೇಕಾದ್ದು ರೆಕ್ಕೆಯನ್ನು. ಹಾರುವಾಗ ಅದರ ಮುಂಭಾಗ ತಿಳಿ ನೀಲಿಬೂದು ಕಂಡರೆ ಗಂಡು, ಮಾಸಲು ಬೂದುಗಂದು ಕಂಡರೆ ಹೆಣ್ಣು.

ರೆಕ್ಕೆಯ ನೀಲಿ ಶೊವೆಲರ್ ಎಂಬ ಇನ್ನೊಂದು ಬಾತಿಗೂ ಇದೆ, ಹಲವರು ಎಡವುವುದು ಇಲ್ಲೇ. ಅದರ ಕೊಕ್ಕು ತಲೆಗಿಂತ ಉದ್ದ, ತುದಿ ಸಲಿಕೆಯಷ್ಟು ಅಗಲ. ನೀರಿಗೆ ಕೊಕ್ಕು ತಾಗಿಸಿಕೊಂಡೇ ಜರಡಿ ಹಿಡಿಯುತ್ತ ಈಜುತ್ತದೆ.

ಇನ್ನು, ಚಿತ್ರದ ಮೂಲೆಯಲ್ಲಿರುವ ಬಿಳಿಹಣೆಯ ಕಪ್ಪು ಹಕ್ಕಿ ನಾಮದ ಕೋಳಿ, ಬಾತೇ ಅಲ್ಲ.

ಬೆಳಿಗ್ಗೆ 7ರಿಂದ 9ರೊಳಗೆ, ಸೂರ್ಯ ಬೆನ್ನಿಗಿರುವ ಹಾಗೆ ಕೆರೆ ಏರಿ ಮೇಲೆ ಕೂತುಕೊಳ್ಳಿ. ಎದುರು ಬಿಸಿಲಲ್ಲಿ ಎಲ್ಲ ಬಾತೂ ಕಪ್ಪಗೇ ಕಾಣುತ್ತವೆ. ರೆಕ್ಕೆ ನೋಡಲು ದಯವಿಟ್ಟು ಕಲ್ಲೆಸೆದು ಎಬ್ಬಿಸಬೇಡಿ. ಸುಮ್ಮನೆ ಕಾದರೆ ಸಾಕು, ಗರಿ ತೀಡಿಕೊಂಡ ಮೇಲೆ ಅವೇ ಎದೆಯೆತ್ತಿ ರೆಕ್ಕೆ ಬಡಿಯುತ್ತವೆ.