ತಗಡಿನ ದೋಣಿಗೆ ದಾನಿಗಳು ಬೇಕಾಗಿದ್ದಾರೆ

ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯ ಕ್ಯಾಥೋಲಿಕ್ ಚರ್ಚಿನ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತಬೇಕೆಂದರೆ ಮೊದಲ ಖರ್ಚು ಫ್ಲೆಕ್ಸಿನದು. ಮೇಲೆ ಬಿಷಪ್ಪರು, ಕೆಳಗೆ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಸಹ ಖಜಾಂಚಿ. ಮೂಲೆಯಲ್ಲಿ ಜಾಗ ಮಿಕ್ಕರೆ ಚರ್ಚು. ಮಿಕ್ಕದಿದ್ದರೂ ನಡೆಯುತ್ತದೆ, ಅದು ಹೇಗೂ ಎಲ್ಲರೂ ನೋಡಿದ ಕಟ್ಟಡ.

ಆಮೇಲೆ ದರಪಟ್ಟಿ. ಗಂಟೆ ಕೊಟ್ಟವರ ಹೆಸರು ಗಂಟೆಯ ಮೇಲೆ, ಬೆಂಚು ಕೊಟ್ಟವರದು ಬೆಂಚಿನ ಬೆನ್ನಿಗೆ, ಪೀಠಕ್ಕೆ ಗ್ರಾನೈಟ್ ಹಾಕಿಸಿದವರದು ಅದೇ ಗ್ರಾನೈಟಿನಲ್ಲಿ. ಸಂಜೆಯೊಳಗೆ ಎಲ್ಲ ಖಾಲಿ. ಉಳಿಯುವುದು ಒಂದೇ ಬಾಬತ್ತು: ಮಾಡಿನ ಎರಡು ಇಳಿಜಾರು ಕೂಡುವಲ್ಲಿ ಹಂಚಿನ ಕೆಳಗಿರುವ, ನೀರು ಹರಿಯುವ ತಗಡಿನ ದೋಣಿ. ಕಟ್ಟಡ ಹಾಳಾಗುತ್ತಿರುವುದೇ ಅದರಿಂದ. ಆದರೆ ಅದರ ಮೇಲೆ ಹೆಸರು ಬರೆಸಿದರೆ ಓದುವವು ಪಾರಿವಾಳಗಳು ಮಾತ್ರ.

ದೋಣಿಯಲ್ಲಿ ಗೂಡು, ಎಲೆ, ಒಡೆದ ಹಂಚಿನ ಚೂರು ಕಟ್ಟಿಕೊಂಡರೆ ಮಳೆನೀರು ಉಕ್ಕಿ ಗೋಡೆಯ ತಲೆಗೆ ಇಳಿಯುತ್ತದೆ. ಅಲ್ಲಿ ಕೂತ ತೊಲೆಯ ತುದಿ ಮೆತ್ತಗಾಗುತ್ತದೆ. ಗೆದ್ದಲಿಗೆ ಆಮಂತ್ರಣ ಪತ್ರಿಕೆ ಬೇಕಿಲ್ಲ. ಕಲ್ಲು-ಗಚ್ಚಿನ ಗೋಡೆ ಕುಡಿದ ನೀರನ್ನು ತಾನೇ ನಿಧಾನಕ್ಕೆ ಹೊರಗೆ ಬಿಡುತ್ತದೆ. ಬಿಡಬಾರದೆಂದು ಹಿಂದಿನ ಜೀರ್ಣೋದ್ಧಾರ ಸಮಿತಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ. ನೀರು ಒಳಗೇ ಸಿಕ್ಕಿಬಿದ್ದು, ಉಪ್ಪು ಹರಳುಗಟ್ಟಿ, ಪೇಂಟು ಹಪ್ಪಳದಂತೆ ಏಳುತ್ತದೆ. ಹಬ್ಬದ ಮುಂಚೆ ಮತ್ತೊಂದು ಕೋಟ್ ಪೇಂಟು. ಅದಕ್ಕೆ ದಾನಿಗಳಿಗೆ ಬರವಿಲ್ಲ, ಪೇಂಟು ಕಣ್ಣಿಗೆ ಕಾಣುತ್ತದಲ್ಲ.

ಬಲ್ಲ ಗೌಂಡಿ ಹೇಳುವುದೇ ಬೇರೆ. ಮೊದಲು ದೋಣಿ ಬದಲಾಗಬೇಕು, ಹಂಚು ಬಿಚ್ಚಿ ಮತ್ತೆ ಕೂರಿಸಬೇಕು. ಒಂದು ಬ್ರಾಸಿಗೆ, ಅಂದರೆ 100 ಚದರಡಿಗೆ, ಸುಮಾರು 150 ಮಂಗಳೂರು ಹಂಚು. ಬಿಚ್ಚುವಾಗ ಒಡೆಯುವವು ಬೇರೆ. ಒಡೆದದ್ದಕ್ಕೆ ಅದೇ ಕಾರ್ಖಾನೆಯ ಹಳೆ ಹಂಚನ್ನೇ ಹುಡುಕಬೇಕು, ಬೇರೆಯದಾದರೆ ಅಂಚಿಗೆ ಅಂಚು ಕೂಡದೆ ಅಲ್ಲೇ ಹೊಸ ಸೋರಿಕೆ. ಸಿಮೆಂಟ್ ಕೆತ್ತಿ ತೆಗೆದು ಗೋಡೆಯನ್ನು ಒಂದು ಬೇಸಿಗೆ ಒಣಗಲು ಬಿಡಬೇಕು. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಚ್ಚು, ತೆಳುವಾಗಿ ಪದರ ಪದರ, ಬಿಸಿಲು ತಾಗದಂತೆ ಒದ್ದೆ ಗೋಣಿತಟ್ಟು ಕಟ್ಟಿ.

“ಒಂದ್ ಬ್ಯಾಸಿಗಿ ಸುಮ್ನ ಬಿಡೂದಾ? ಅದರ ಉದ್ಘಾಟನಿಗೆ ಯಾರನ್ನ ಕರೀಬೇಕ್ರಿ?” ಎಂದು ಸಮಿತಿ ಕೇಳುತ್ತದೆ. ಪ್ರಶ್ನೆಯಲ್ಲಿ ಹುರುಳಿದೆ.

ಗಂಟೆ ನಿಧಿಯಲ್ಲಿ ಮಿಕ್ಕದ್ದನ್ನು ದೋಣಿಗೆ ಹಾಕೋಣವೆಂದರೆ ಕ್ಯಾಥೋಲಿಕ್ ಚರ್ಚಿನದೇ ಆದ ಕ್ಯಾನನ್ ಕಾನೂನಿನ 1267ನೇ ವಿಧಿ ಅಡ್ಡ ನಿಲ್ಲುತ್ತದೆ: ಯಾವುದಕ್ಕೆಂದು ಕೊಟ್ಟರೋ ಅದಕ್ಕೇ ಖರ್ಚಾಗಬೇಕು. ರಸೀದಿಯಲ್ಲಿ ‘ಕಟ್ಟಡ ದುರಸ್ತಿ’ ಎಂದಷ್ಟೇ ಅಚ್ಚು ಹಾಕಿಸಿದ್ದರೆ ಸಾಕಿತ್ತು. ಹೆಸರಿನ ಹಂಗಿಲ್ಲದೆ ಬರುವುದು ಹೌಸಿ ಆಟದ ದುಡ್ಡು, ಗಿರ್ಮಿಟ್-ಮಿರ್ಚಿ ಸ್ಟಾಲಿನ ದುಡ್ಡು. ಅದು ಪೆಂಡಾಲಿಗೆ, ಧ್ವನಿವರ್ಧಕಕ್ಕೆ ಮತ್ತು ಅತಿಥಿಗಳ ಶಾಲಿಗೆ ಸರಿಹೋಗುತ್ತದೆ.

“80ಜಿ ಬರ್ತೈತೇನ್ರಿ ಇದಕ್ಕ?” ಎಂದು ಅಂಗಡಿಕಾರರು ಕೇಳಿದರೆ ಇಡೀ ಸಮಿತಿ ಒಟ್ಟಿಗೆ ಹೌದೆಂದು ತಲೆಯಾಡಿಸುತ್ತದೆ. ಪೂಜಾಸ್ಥಳದ ದುರಸ್ತಿಗೆ ಕೊಟ್ಟ ದೇಣಿಗೆಗೆ ಆ ಆದಾಯ ತೆರಿಗೆ ವಿನಾಯಿತಿ ಸಿಗಲು, ಕಟ್ಟಡಕ್ಕೆ ಐತಿಹಾಸಿಕ ಮಹತ್ವವಿದೆ ಇಲ್ಲವೇ ಅದು ರಾಜ್ಯಕ್ಕೇ ಹೆಸರಾದದ್ದು ಎಂದು ಕೇಂದ್ರ ಸರಕಾರ ಗೆಜೆಟ್‌ನಲ್ಲಿ ಹೊರಡಿಸಿರಬೇಕು. ಆಗಲೂ ಕೊಟ್ಟದ್ದರ ಅರ್ಧಕ್ಕೆ. 2000 ರೂಪಾಯಿ ಮೀರಿದ ನಗದಿಗೆ ಅದೂ ಇಲ್ಲ. ಫ್ಲೆಕ್ಸಿನ ಮೇಲಿನ ‘ಐತಿಹಾಸಿಕ’ ತೆರಿಗೆ ಇಲಾಖೆಯವರಿಗೆ ಲೆಕ್ಕಕ್ಕಿಲ್ಲ.

ಪರದೇಶದ ದುಡ್ಡಿನದು ಇನ್ನೂ ಸೊಗಸು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕುವೈತಿನಲ್ಲಿ ದುಡಿಯುವ ಹುಡುಗ ತನ್ನ ಉಳಿತಾಯದಿಂದ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅದನ್ನು ಹೆದರಿ ವಾಪಸ್ ಕಳಿಸುತ್ತಾರೆ. ಬ್ರಿಟನ್ನಿನ ಪೌರತ್ವ ಪಡೆದ ಅಣ್ಣಾವ್ರದು ವಿದೇಶಿಯೇ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ ಅದನ್ನು ಆ ಕಾಯ್ದೆಯಡಿ ನೋಂದಣಿ ಇರುವ ಸಂಸ್ಥೆ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕು. ಅವರು ರಜೆಗೆ ಬಂದಾಗ ಖಜಾಂಚಿಯ ಕೈಗೆ ಲಕೋಟೆ ಕೊಟ್ಟು ಹೋಗುತ್ತಾರೆ.

ಸಭೆಯಲ್ಲಿ ಯಾರಾದರೊಬ್ಬರು ಪ್ಯಾರಿಸ್ಸಿನ ನೋತ್ರ ದಾಮ್ ಮಾತು ತೆಗೆದೇ ತೆಗೆಯುತ್ತಾರೆ. 2019ರ ಏಪ್ರಿಲ್ 15ರಂದು ಹೊತ್ತಿಕೊಂಡಿತು, ಜಗತ್ತೇ ದುಡ್ಡು ಸುರಿಯಿತು, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಖರೆ, ಆದರೆ ಅದು ಟಿವಿಯಲ್ಲಿ ಉರಿಯಿತು. ನಮ್ಮದು ಬರೀ ಸೋರುತ್ತದೆ. ಸೋರುವುದನ್ನು ಯಾವ ಚಾನೆಲ್ಲೂ ಲೈವ್ ತೋರಿಸುವುದಿಲ್ಲ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ: “ಇಷ್ಟೆಲ್ಲಾ ತ್ರಾಸ ಯಾಕ್ರಿ ಫಾದರ್, ಕೆಡವಿ ಸ್ಲ್ಯಾಬ್ ಹಾಕೂಣು.” ಚಪ್ಪಾಳೆ. ಹಣಕಾಸು ಸಮಿತಿಯ ಅಭಿಪ್ರಾಯ ಬೇಕು, ಬೆಳಗಾವಿ ಬಿಷಪ್ಪರ ಧರ್ಮಕ್ಷೇತ್ರದ ಒಪ್ಪಿಗೆ ಬೇಕು, ಪಾಲಿಕೆಯ ಪರವಾನಗಿ ಬೇಕು. ಒಂದಕ್ಕೂ ಇನ್ನೂ ಅರ್ಜಿ ಬರೆದಿಲ್ಲ. ಆದರೆ ಜೆಸಿಬಿ ಪುಕ್ಕಟೆ ಕೊಡುವ ದಾನಿ ಆಗಲೇ ಸಿಕ್ಕಿದ್ದಾರೆ. ಅವರದು ಒಂದೇ ಕರಾರು: ಬಕೆಟ್ಟಿನ ಮೇಲೆ ತೀರಿಕೊಂಡ ತಂದೆಯವರ ಹೆಸರು ಇರಬೇಕು.