ಊರಿನ ಕಥೆ ಅಕ್ಷರದ ಪಾಠದೊಳಗೆ ಬರಲಿ

ನಮ್ಮ ಕರ್ನಾಟಕದ ಶಾಲೆಗಳಲ್ಲಿ ಸ್ಥಳೀಯ ಸಂಸ್ಕೃತಿಗೆ ಜಾಗ ಸಿಗುವುದು ಹೆಚ್ಚಾಗಿ ವಾರ್ಷಿಕೋತ್ಸವದ ದಿನ. ಡೊಳ್ಳು, ಕೋಲಾಟ, ಒಂದು ಲಾವಣಿ. ಮರುದಿನ ಒಂದನೇ ತರಗತಿಯಲ್ಲಿ ಓದು ಕಲಿಸುವಾಗ ಊರಿನ ನೆನಪೂ ಇರುವುದಿಲ್ಲ. ನಾನೀಗ ಇರುವ ನ್ಯೂಜಿಲೆಂಡಿನಲ್ಲಿ ಊರಿನ ಮಾತು, ಕಥೆ ಬಹು ಹಿಂದೆಯೇ ಓದಿನ ಪಾಠದೊಳಗೆ ಬಂದವು. ಆದರೆ ಇಲ್ಲಿಯವರು ಅಕ್ಷರ ಬಿಡಿಸಿ ಓದುವುದನ್ನು ಕ್ರಮವಾಗಿ ಕಲಿಸುವ ಕೆಲಸವನ್ನು ಸಡಿಲ ಬಿಟ್ಟಿದ್ದರು. ಅದನ್ನು ಈಗ ಸರಿಪಡಿಸಿಕೊಳ್ಳುತ್ತಿದ್ದಾರೆ. ಅವರಿಂದ ಕಥೆಯನ್ನೂ ನಮ್ಮಿಂದ ಅಕ್ಷರಕ್ರಮವನ್ನೂ ತೆಗೆದುಕೊಂಡು ಒಂದೇ ಪಾಠ ಮಾಡಬಹುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿನ ‘ಸ್ಕೂಲ್ ಜರ್ನಲ್’ 1907ರಲ್ಲಿ ಶುರುವಾಯಿತು. ಸರ್ಕಾರವೇ ಹೊರತಂದು ಶಾಲೆಗಳಿಗೆ ಉಚಿತವಾಗಿ ಕೊಡುವ ಮಕ್ಕಳ ಓದುಪತ್ರಿಕೆ ಅದು. ಈಗ ಅದರ ಕಥೆಗಳ ಜೊತೆಗೆ ಶಿಕ್ಷಕರಿಗೆ ಮಾರ್ಗದರ್ಶಿಯೂ ಬರುತ್ತದೆ: ಯಾವ ಪದ ಕಷ್ಟವಾಗಬಹುದು, ಏನು ಕೇಳಬೇಕು, ಬರವಣಿಗೆಗೆ ಹೇಗೆ ಜೋಡಿಸಬೇಕು. ನಮ್ಮಲ್ಲಿ ಕಥೆಗಳ ಸಂಗ್ರಹಕ್ಕೆ ಕೊರತೆಯಿಲ್ಲ. ರಾಮನಗರದ ಜಾನಪದ ಲೋಕವಿದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. ಆದರೆ ಅಲ್ಲಿ ಕೂಡಿಟ್ಟದ್ದನ್ನು ಆರು ವರ್ಷದ ಮಗು ಬೆರಳಿಟ್ಟು ಓದುವ ನಾಲ್ಕು ಸಾಲಾಗಿ ಇಳಿಸುವ ಕೆಲಸ ಬೇರೆಯೇ ಇದೆ. ಅದನ್ನು ತರಗತಿಯ ಶಿಕ್ಷಕರು ಮಾತ್ರ ಮಾಡಬಲ್ಲರು.

ಹೇಗೆ ಎಂಬುದಕ್ಕೆ ಸಿಲ್ವಿಯಾ ಆಶ್ಟನ್-ವಾರ್ನರ್ ಎಂಬ ಇಲ್ಲಿನ ಶಿಕ್ಷಕಿ ತೋರಿಸಿದ ದಾರಿ ಇಂದಿಗೂ ಹಳತಾಗಿಲ್ಲ. ಅವರು ಕಲಿಸುತ್ತಿದ್ದದ್ದು ಹಳ್ಳಿಗಾಡಿನ ಮಾವೊರಿ, ಅಂದರೆ ಇಲ್ಲಿನ ಮೂಲನಿವಾಸಿ ಮಕ್ಕಳಿಗೆ. ಪ್ರತಿ ಮಗುವಿನ ಹತ್ತಿರ ಅದಕ್ಕೆ ಬೇಕಾದ ಪದವೊಂದನ್ನು ಕೇಳಿ, ಅದರೆದುರೇ ರಟ್ಟಿನ ಮೇಲೆ ದಪ್ಪಗೆ ಬರೆದು ಕೈಗೆ ಕೊಡುತ್ತಿದ್ದರು. ಮರುದಿನ ಎಲ್ಲ ರಟ್ಟುಗಳನ್ನೂ ನೆಲಕ್ಕೆ ಸುರಿದರೆ ಮಕ್ಕಳು ತಮ್ಮತಮ್ಮ ಪದ ಹುಡುಕಿಕೊಳ್ಳಬೇಕು. ಗುರುತು ಸಿಗದ ಪದವನ್ನು ಅವರು ಮತ್ತೆ ಮತ್ತೆ ತಿದ್ದಿಸುತ್ತಿರಲಿಲ್ಲ, ತೆಗೆದುಹಾಕುತ್ತಿದ್ದರು. ಮಗುವಿನ ಮನಸ್ಸಿಗೆ ನಿಜಕ್ಕೂ ನಾಟಿದ ಪದವಾಗಿದ್ದರೆ ಒಂದೇ ನೋಟಕ್ಕೆ ನಿಲ್ಲುತ್ತದೆ ಎಂಬುದು ಅವರ ನಂಬಿಕೆ.

ಈ ವಿಧಾನ ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕನ್ನಡದ ಮಗು ಕೊಡುವ ಮೊದಲ ಪದ ಅಜ್ಜಿ, ಅಪ್ಪ, ದೆವ್ವ, ಎಮ್ಮೆ ಇಂಥದ್ದೇ ಆಗಿರುತ್ತದೆ. ಎಲ್ಲದರಲ್ಲೂ ಒತ್ತಕ್ಷರ. ‘ಒತ್ತು ಇನ್ನೂ ಕಲಿಸಿಲ್ಲ’ ಎಂದು ಶಿಕ್ಷಕರು ಹಿಂಜರಿಯುವುದು ಇಲ್ಲೇ. ಹಿಂಜರಿಯಬೇಕಾಗಿಲ್ಲ, ಪದಗಳನ್ನು ಎರಡು ಬಗೆ ಮಾಡಿಕೊಂಡರೆ ಸಾಕು. ಇಡಿಯಾಗಿ ಗುರುತಿಸುವ ಪದಕ್ಕೆ ಬಣ್ಣದ ರಟ್ಟು, ಅಕ್ಷರ ಬಿಡಿಸಿ ಓದುವ ಪದಕ್ಕೆ ಬಿಳಿ ರಟ್ಟು. ಬಣ್ಣದ ರಟ್ಟಿನ ಪದವನ್ನು ಬಿಡಿಸಲು ಹೇಳಲೇಬಾರದು. ರಟ್ಟು ಸುಮಾರು 30 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲವಿರಲಿ. ಒತ್ತು ಕೆಳಗಿಳಿಯುವುದರಿಂದ ಅಕ್ಷರವನ್ನು ರಟ್ಟಿನ ನಡುವೆ ಬರೆಯದೆ ತುಸು ಮೇಲಕ್ಕೆ ಬರೆಯಬೇಕು. ಇಲ್ಲದಿದ್ದರೆ ಒತ್ತು ಅಂಚಿಗೆ ಸಿಕ್ಕಿ ಚಿಕ್ಕದಾಗುತ್ತದೆ, ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ.

ಬಿಳಿ ರಟ್ಟಿನ ವಿಷಯದಲ್ಲಿ ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿ-ಕಲಿ ಇಲ್ಲಿನವರಿಗಿಂತ ಮುಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಐದೇ ಅಕ್ಷರಕ್ಕೆ ಸರ, ಅಗಸ, ಅರಸ, ಗರಗಸ ಓದಲು ಬರುತ್ತವೆ. ಗದಗ ಜಿಲ್ಲೆಯ ಮಗು ಈ ಐದೇ ಅಕ್ಷರದಲ್ಲಿ ತನ್ನ ಜಿಲ್ಲೆಯ ಹೆಸರನ್ನೇ ಓದುತ್ತದೆ! ಹತ್ತು ಅಕ್ಷರ ಆಗುವ ಹೊತ್ತಿಗೆ ‘ಬಸವನ ದನ’, ‘ಅಗಸನ ಮಗ ನಗರದವ’ ಎಂಬಷ್ಟು ಸಾಲು ಕಟ್ಟಬಹುದು. ಪ್ರತಿ ಮೈಲಿಗಲ್ಲಿಗೂ, ಅಂದರೆ ಕಲಿಕೆಯ ಪ್ರತಿ ಹಂತಕ್ಕೂ, ಶಿಕ್ಷಕರು ತಮ್ಮ ಊರಿನ ಒಂದು ಕಾರ್ಡು ಸೇರಿಸಲಿ: ಅಲ್ಲಿವರೆಗಿನ ಅಕ್ಷರಗಳಲ್ಲೇ ಬರೆಯಬಹುದಾದ ಕೇರಿ, ಮರ, ದನ, ಮನುಷ್ಯರ ಹೆಸರುಗಳು. ತಯಾರಿಸಲು ಅರ್ಧ ಗಂಟೆಗಿಂತ ಹೆಚ್ಚು ಬೇಡ.

ಇನ್ನು ಕಥೆ. ಒಂದು ಕಥೆಗೆ ಒಂದು ವಾರ ಕೊಡಬೇಕು. ಮೊದಲ ದಿನ ಬರೀ ಮಾತು. ಕೆರೆ ಕೋಡಿ ಬಿದ್ದದ್ದು, ಜಾತ್ರೆಯ ತೇರು, ಅಜ್ಜ ಹೇಳಿದ ನರಿಯ ಕಥೆ, ಯಾವುದಾದರೂ ಆದೀತು. ಅದರಿಂದ ನಾಲ್ಕೈದು ವಾಕ್ಯಗಳನ್ನು ಮಕ್ಕಳ ಬಾಯಿಂದಲೇ ಆರಿಸಿ ಡ್ರಾಯಿಂಗ್ ಹಾಳೆಯ ಮೇಲೆ ಬರೆಯಬೇಕು. ವಾಕ್ಯಕ್ಕೆ ಮೂರು ನಾಲ್ಕು ಪದ ಸಾಕು, ಒಂದಾದರೂ ಪದ ಪ್ರತಿ ವಾಕ್ಯದಲ್ಲಿ ಮರುಕಳಿಸಲಿ. ಎರಡನೇ ದಿನ ಬೆರಳಿಟ್ಟು ಓದು. ಮೂರನೇ ದಿನ ಅದೇ ವಾಕ್ಯಗಳನ್ನು ಪಟ್ಟಿಗಳ ಮೇಲೆ ಬರೆದು, ಪದಪದವಾಗಿ ಕತ್ತರಿಸಿ, ಕಲೆಸಿ ಮತ್ತೆ ಜೋಡಿಸುವುದು. ಈ ಮೂರನೇ ದಿನವನ್ನು ಬಿಟ್ಟರೆ ಇಡೀ ಕೆಲಸ ಹಾಳು. ತಾವೇ ಹೇಳಿದ ಕಥೆ ಮಕ್ಕಳಿಗೆ ಬಾಯಿಪಾಠವಾಗಿರುತ್ತದೆ, ಹಾಳೆ ನೋಡದೆಯೇ ‘ಓದಿ’ಬಿಡುತ್ತವೆ. ಕಲೆಸಿದ ಪದಗಳನ್ನು ಜೋಡಿಸುವಾಗ ಮಾತ್ರ ಅಕ್ಷರದ ಮೇಲೆ ಕಣ್ಣು ನಿಲ್ಲಲೇಬೇಕು. ನಾಲ್ಕನೇ ದಿನ ಆ ಹಾಳೆಯಲ್ಲಿ ಗೊತ್ತಿರುವ ಅಕ್ಷರಗಳಿಗೆ ಸುತ್ತು ಹಾಕಿಸುವುದು, ಮಗು ತನ್ನದೇ ಒಂದು ವಾಕ್ಯ ಬರೆಯುವುದು. ಐದನೇ ದಿನ ಪುಸ್ತಕ. ಎ4 ಹಾಳೆಯನ್ನು ಮೂರು ಸಲ ಮಡಿಸಿ ನಡುವೆ ಸೀಳಿದರೆ ಎಂಟು ಪುಟವಾಗುತ್ತದೆ. ಎರಡು ಪ್ರತಿ ಮಾಡಿ, ಒಂದು ಮನೆಗೆ, ಒಂದು ಓದುವ ಮೂಲೆಗೆ.

ಬರೆಯುವಾಗ ಯಾವ ಕನ್ನಡ? ಮಗು ‘ಅವ್ವ ಸಂತಿಗೆ ಹೋಗ್ಯಾಳ’ ಎಂದರೆ ಮೊದಲ ತಿಂಗಳುಗಳಲ್ಲಿ ಹಾಗೆಯೇ ಬರೆಯಬೇಕು. ‘ಅವ್ವ ಸಂತೆಗೆ ಹೋಗಿದ್ದಾಳೆ’ ಎಂದು ತಿದ್ದಿ ಬರೆದರೂ ಮಗು ಓದುವುದು ‘ಹೋಗ್ಯಾಳ’ ಎಂದೇ. ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಬರೆದ ಅಕ್ಷರಕ್ಕೂ ಹೊರಡುವ ದನಿಗೂ ಸಂಬಂಧವಿದೆ ಎಂಬ ಮೂಲಪಾಠವೇ ಅಲ್ಲಿ ಕೆಡುತ್ತದೆ. ಕೆಲವು ತಿಂಗಳ ನಂತರ ಅದೇ ಹಾಳೆಯ ಪಕ್ಕದಲ್ಲಿ ಪುಸ್ತಕದ ರೂಪವನ್ನೂ ಬರೆದು, ಎರಡನ್ನೂ ಓದಿಸಿ, ಎಲ್ಲೆಲ್ಲಿ ಬೇರೆಯಾಗಿದೆ ಎಂದು ಹುಡುಕಿಸಲಿ. ಗ್ರಾಂಥಿಕ ರೂಪ ಕಲಿಯಲೇಬೇಕು, ಎರಡನೆಯದಾಗಿ ಕಲಿಯಲಿ ಎಂದಷ್ಟೇ ನಾನು ಹೇಳುವುದು.

ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಇಲ್ಲಿನ ಇನ್ನೊಂದು ಕ್ರಮ ತುಂಬ ಉಪಯುಕ್ತ. ಸಮೋವ, ಟೊಂಗಾ ಮುಂತಾದ ದ್ವೀಪಗಳ ಮನೆತನದ ಮಕ್ಕಳಿಗಾಗಿ ಒಂದೇ ಕಥೆ ಮನೆಮಾತಿನಲ್ಲೂ ಇಂಗ್ಲಿಷಿನಲ್ಲೂ ಇರುವ ಪುಸ್ತಕಗಳನ್ನು ಶಿಕ್ಷಣ ಸಚಿವಾಲಯವೇ ಪ್ರಕಟಿಸಿದೆ. ತುಳು, ಲಂಬಾಣಿ, ಬ್ಯಾರಿ, ಸೋಲಿಗ ಮಾತಿನ ಮಕ್ಕಳಿಗೂ ಇದನ್ನು ಮಾಡಬಹುದು: ಕನ್ನಡ ಲಿಪಿಯಲ್ಲೇ ಮೇಲೆ ಮನೆಮಾತಿನ ವಾಕ್ಯ, ಕೆಳಗೆ ಕನ್ನಡ ವಾಕ್ಯ. ಶಿಕ್ಷಕರಿಗೆ ಆ ಭಾಷೆ ಬರದಿದ್ದರೆ ಬಿಸಿಯೂಟದ ಅಡುಗೆಯವರನ್ನೋ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನೋ ಕೂರಿಸಿಕೊಂಡು ಬರೆಯಲಿ.

ಯಾವ ಕಥೆ ಎಂಬುದರಲ್ಲಿ ಎಚ್ಚರ ಬೇಕು. ತುಳುನಾಡಿನ ಪಾಡ್ದನ, ಮಾದಪ್ಪನ ಕಾವ್ಯ, ಮಂಟೇಸ್ವಾಮಿ ಕಾವ್ಯ ಹಾಡುವವರ ಪಾಲಿಗೆ ದೇವರ ಕೆಲಸ. ಅವರನ್ನು ಕೇಳದೆ ತುಂಡು ಮಾಡಿ ಚಾರ್ಟಿಗೆ ಏರಿಸಬಾರದು. ಗಾದೆಗಳಲ್ಲಂತೂ ಜಾತಿಯನ್ನೂ ಹೆಣ್ಣನ್ನೂ ಹಳಿಯುವವು ಬೇಕಾದಷ್ಟಿವೆ. ಆ ಜಾತಿಯ ಮಗು ಮುಂದಿನ ಸಾಲಿನಲ್ಲೇ ಕೂತಿರುತ್ತದೆ. ಕಥೆ ಹೇಳಲು ಪ್ರತಿ ಸಲವೂ ಊರಗೌಡರ ಮನೆಯವರನ್ನೇ ಕರೆದರೆ ಆ ಊರಿನ ಅರ್ಧ ಕಥೆ ತರಗತಿಗೆ ಬರುವುದೇ ಇಲ್ಲ. ಆರಂಭಕ್ಕೆ ಒಗಟುಗಳೇ ವಾಸಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಒಂದೇ ಸಾಲು, ಉತ್ತರ ಮಲ್ಲಿಗೆ. ಉತ್ತರ ಹುಡುಕಲು ಮಗು ತಾನಾಗಿಯೇ ಮತ್ತೊಮ್ಮೆ ಓದುತ್ತದೆ.

ನ್ಯೂಜಿಲೆಂಡ್ ಸರಿಪಡಿಸಿಕೊಳ್ಳುತ್ತಿದೆ ಎಂದೆನಲ್ಲ, ಅದು ಹೀಗೆ. ದಶಕಗಳ ಕಾಲ ಇಲ್ಲಿ ಚಿತ್ರ ನೋಡಿ, ಸಂದರ್ಭ ನೋಡಿ ಪದ ಊಹಿಸುವುದಕ್ಕೆ ವಿಪರೀತ ಜಾಗವಿತ್ತು. 2025ರಿಂದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಮತ್ತು ದನಿಯ ಸಂಬಂಧವನ್ನು ಕ್ರಮವಾಗಿ ಕಲಿಸುವುದು ಕಡ್ಡಾಯವಾಗಿದೆ. ಹಾಗೆಂದು ಊರಿನ ಕಥೆಯನ್ನೇ ದೂರ ಮಾಡಬೇಕಿಲ್ಲ. ಕಲಿತ ಓದು ನಿಜವೋ ಬಾಯಿಪಾಠವೋ ಎಂದು ನೋಡುವ ಉಪಾಯ ಸುಲಭವಿದೆ. ಒಂದೇ ಕ್ಲಸ್ಟರಿಗೆ ಸೇರಿದ ಅಕ್ಕಪಕ್ಕದ ಊರಿನ ಶಾಲೆಗಳು ತಿಂಗಳಿಗೊಮ್ಮೆ ಓದುವ ಮೂಲೆಯ ಪ್ರತಿಗಳನ್ನು ಅದಲುಬದಲು ಮಾಡಿಕೊಳ್ಳಲಿ. ಪಕ್ಕದ ಊರಿನ ಕಥೆ ಮಗುವಿಗೆ ಬಾಯಿಪಾಠವಿರುವುದಿಲ್ಲ, ಆದರೆ ಅದರ ಸಂತೆ, ಕೆರೆ, ಮಾತು ಗೊತ್ತಿರುತ್ತದೆ. ಅದನ್ನು ಎಲ್ಲಿ ತಡೆದು ಓದಿತೋ ಆ ಅಕ್ಷರವನ್ನು ಶಿಕ್ಷಕರು ಗುರುತು ಹಾಕಿಕೊಂಡು, ಮುಂದಿನ ವಾರದ ಬಿಳಿ ರಟ್ಟುಗಳಲ್ಲಿ ಸೇರಿಸಬೇಕು.