ಯುದ್ಧದ ಕಾನೂನನ್ನು ಕನ್ನಡದಲ್ಲಿ ವಾದಿಸೋಣ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾನೂನು ವಿದ್ಯಾರ್ಥಿಗಳಿಗಾಗಿ ಅಂತರರಾಷ್ಟ್ರೀಯ ಮಾನವೀಯ ಕಾನೂನಿನ, ಅಂದರೆ ಯುದ್ಧದಲ್ಲೂ ಮೀರಬಾರದ ನಿಯಮಗಳ, ಅಣಕು ನ್ಯಾಯಾಲಯ ಸ್ಪರ್ಧೆಯೊಂದು ಶುರುವಾಗಬೇಕು, ಅದು ಕನ್ನಡದಲ್ಲೇ ನಡೆಯಬೇಕು. ಈ ಮಾತು ಎತ್ತಿದಾಗಲೆಲ್ಲ ವಕೀಲ ಮಿತ್ರರು ಕೇಳುವುದು ಒಂದೇ: ‘ನಾಳೆ ಜಮೀನು ವ್ಯಾಜ್ಯ ನಡೆಸುವ ಹುಡುಗರಿಗೆ ಯುದ್ಧದ ಕಾನೂನು ಯಾಕೆ ಸ್ವಾಮಿ?’ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಇದಕ್ಕೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಸ್ಪರ್ಧೆಗಳ ಪರಿಚಯವಿಲ್ಲದವರಿಗೆ ಎರಡು ಮಾತು. ಕಲ್ಪಿತ ದೇಶವೊಂದರ ಸೇನಾಧಿಕಾರಿ ಕಟಕಟೆಯಲ್ಲಿದ್ದಾನೆ ಎಂದುಕೊಳ್ಳಿ. ಅವನ ಆದೇಶದಿಂದ ಸೇತುವೆ ಉರುಳಿದೆ, ಪಕ್ಕದ ಆಸ್ಪತ್ರೆಗೂ ಶೆಲ್ ಬಿದ್ದಿದೆ. ಪ್ರತಿ ತಂಡವೂ ಅವನ ವಿರುದ್ಧ ಒಂದು, ಅವನ ಪರ ಇನ್ನೊಂದು ವಾದಪತ್ರ ಸಿದ್ಧಪಡಿಸಿ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನಿಂತು ವಾದಿಸಬೇಕು. ಹಾಂಗ್‌ಕಾಂಗ್‌ನಲ್ಲಿ ರೆಡ್ ಕ್ರಾಸ್ 2003ರಿಂದ ಏಷ್ಯಾ–ಪೆಸಿಫಿಕ್ ಪ್ರದೇಶದ ವಿದ್ಯಾರ್ಥಿಗಳಿಗೆ ಇಂಥ ಸ್ಪರ್ಧೆ ನಡೆಸುತ್ತಿದೆ. ನಮ್ಮ ದೇಶದಲ್ಲಿ ರೆಡ್ ಕ್ರಾಸ್ ಸಂಸ್ಥಾಪಕರಲ್ಲೊಬ್ಬರಾದ ಹೆನ್ರಿ ಡ್ಯುನಾಂಟ್ ಅವರ ಹೆಸರಿನ ಸ್ಪರ್ಧೆಯಿದೆ. 1989ರಲ್ಲಿ ಆರಂಭವಾದ ಝಾನ್ ಪಿಕ್ಟೆ ಸ್ಪರ್ಧೆಯ ರೀತಿಯೇ ಬೇರೆ. ಅಲ್ಲಿ ಮೂವರ ತಂಡಗಳು ಸೇನೆಯ ಕಾನೂನು ಸಲಹೆಗಾರರಾಗಿ, ರೆಡ್ ಕ್ರಾಸ್ ಪ್ರತಿನಿಧಿಗಳಾಗಿ ಪಾತ್ರ ವಹಿಸಿ, ಎದುರಾದ ಸನ್ನಿವೇಶಕ್ಕೆ ನಿಂತಲ್ಲೇ ಉತ್ತರ ಕೊಡಬೇಕು. ನನಗೆ ಬಹಳ ಇಷ್ಟವಾದ ಮಾದರಿ ಇದು.

ಕೊಪ್ಪ, ಶೃಂಗೇರಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಇಂದು ಕರ್ಣನಾಗಿ ಕೃಷ್ಣನನ್ನು ಕಟ್ಟಿಹಾಕಿದ ಅರ್ಥಧಾರಿ ನಾಳೆ ಕೃಷ್ಣನಾಗಿ ಕರ್ಣನ ಬಾಯಿ ಕಟ್ಟಿಸುವ ತಾಳಮದ್ದಳೆಯನ್ನು ಅವರು ಚಿಕ್ಕಂದಿನಿಂದ ಕೇಳಿ ಬೆಳೆದಿದ್ದಾರೆ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರ ಒಳಗಿನಿಂದಲೇ ಉತ್ತರ ಹೆಕ್ಕುವ ವಿದ್ಯೆ ಅದು. ಅಣಕು ನ್ಯಾಯಾಲಯಕ್ಕೆ ಬೇಕಾದದ್ದೂ ಅದೇ.

ನಾನು ತರಬೇತಿ ಕೊಡಲು ಹೋಗುವ ಕಾಲೇಜಿನಲ್ಲಿ ಕರ್ಣಾವಸಾನವನ್ನೇ ಒಂದು ಪ್ರಕರಣವಾಗಿ ಕೊಟ್ಟಿದ್ದೆ. ರಥದ ಚಕ್ರ ಹೂತಿದೆ, ಕರ್ಣ ಬಿಲ್ಲು ಬದಿಗಿಟ್ಟು ಕೆಳಗಿಳಿದಿದ್ದಾನೆ, ಅರ್ಜುನ ಬಾಣ ಬಿಟ್ಟಿದ್ದಾನೆ. ಇಂದಿನ ಕಾನೂನಿನಲ್ಲಿ ಇದು ಯುದ್ಧಾಪರಾಧವೇ? ತರಗತಿ ಒಕ್ಕೊರಲಿನಿಂದ ಹೌದು ಎಂದಿತು. ಕೊಪ್ಪದ ಕಡೆಯ ವಿದ್ಯಾರ್ಥಿನಿಯೊಬ್ಬಳು ಮಾತ್ರ ಎದ್ದು ನಿಂತು, ‘ಸರ್, ಕರ್ಣ ಶರಣಾಗಿದ್ದನೇ?’ ಎಂದು ಕೇಳಿದಳು.

ನಿಜವಾದ ವಾದ ಶುರುವಾದದ್ದು ಆಗ. ಶಸ್ತ್ರ ಕೆಳಗಿಟ್ಟು ಶರಣು ಬಂದವನನ್ನು ಕೊಲ್ಲಬಾರದು ಎನ್ನುತ್ತದೆ ಯುದ್ಧ ನಡೆಸುವ ರೀತಿಯ ಕುರಿತ 1907ರ ಹೇಗ್ ನಿಯಮಾವಳಿಯ 23ನೇ ವಿಧಿ. ವೈರಿಯ ವಶವಾದವನು, ಶರಣಾಗುವ ಇಚ್ಛೆಯನ್ನು ಸ್ಪಷ್ಟವಾಗಿ ತೋರಿದವನು, ಗಾಯದಿಂದಲೋ ಕಾಯಿಲೆಯಿಂದಲೋ ತನ್ನನ್ನು ಕಾಪಾಡಿಕೊಳ್ಳಲಾರದವನು, ಇವರಿಗೆ ರಕ್ಷಣೆ ಎನ್ನುತ್ತದೆ, ಯುದ್ಧದಲ್ಲಿ ಗಾಯಾಳು, ಸೆರೆಯಾಳು, ನಾಗರಿಕರನ್ನು ಕಾಯುವ 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲಿನ 41ನೇ ವಿಧಿ. ಕರ್ಣ ಇವರಲ್ಲಿ ಯಾರೂ ಅಲ್ಲ. ಚಕ್ರ ಎತ್ತಿ ಮತ್ತೆ ಹೋರಾಡಲು ಅವನು ಕಾಲಾವಕಾಶ ಕೇಳಿದ್ದನಷ್ಟೆ. ಇದು ಅಪರಾಧವೇ ಹೌದು ಎನ್ನುತ್ತಿದ್ದ ತಂಡ ಸುಮ್ಮನಿರಲಿಲ್ಲ. ನಾಲ್ಕೂ ಜಿನೀವಾ ಒಪ್ಪಂದಗಳಿಗೆ ಸಾಮಾನ್ಯವಾದ 3ನೇ ವಿಧಿ ‘ಶಸ್ತ್ರ ಕೆಳಗಿಟ್ಟವರು’ ಎಂದಷ್ಟೇ ಹೇಳುತ್ತದೆ, ಶರಣಾಗತಿಯ ಷರತ್ತು ಹಾಕುವುದಿಲ್ಲ ಎಂದಿತು. ಸರಿ, ಆದರೆ ಆ ವಿಧಿ ಇರುವುದು ಒಂದು ದೇಶದ ಒಳಗಿನ ಸಂಘರ್ಷಕ್ಕೆ. ಹಾಗಾದರೆ ಕುರುಕ್ಷೇತ್ರ ಒಂದೇ ರಾಜ್ಯದ ದಾಯಾದಿ ಜಗಳವೇ, ಎರಡು ರಾಜ್ಯಗಳ ನಡುವಿನ ಯುದ್ಧವೇ? ಜವಾನ ಬಾಗಿಲು ಹಾಕಲು ಬರುವವರೆಗೂ ಇದೇ ನಡೆಯಿತು. ಉತ್ತರೆಯ ಗರ್ಭದ ಮೇಲೆ ಅಶ್ವತ್ಥಾಮ ಅಸ್ತ್ರ ಬಿಟ್ಟ ಪ್ರಸಂಗ ಬಂದಾಗ ಮಾತ್ರ ಅವನ ಪರ ನಿಂತವರಿಗೆ ಒಂದು ವಿಧಿಯೂ ಸಿಗಲಿಲ್ಲ.

ಅಷ್ಟು ಚೆನ್ನಾಗಿ ಯೋಚಿಸಿದ ಅದೇ ವಿದ್ಯಾರ್ಥಿನಿ ದೊಡ್ಡ ನಗರವೊಂದರ ಸ್ಪರ್ಧೆಗೆ ಹೋಗಿದ್ದಳು. ತೀರ್ಪುಗಾರರ ಪೀಠದಲ್ಲಿದ್ದವರೊಬ್ಬರು ಅವಳ ಇಂಗ್ಲಿಷ್ ಉಚ್ಚಾರಣೆಯನ್ನು ತಿದ್ದುತ್ತಲೇ ಹೋದರು. ವಾದ ಕೇಳಲಿಲ್ಲ. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ನಮ್ಮ ಜಿಲ್ಲಾ ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ, ನಾವು ಕನ್ನಡದಲ್ಲಿ ಪಾಟೀಸವಾಲು ಮಾಡುತ್ತೇವೆ. ಯುದ್ಧದ ಕಾನೂನು ಮಾತ್ರ ಇಂಗ್ಲಿಷ್ ಬಲ್ಲವರ ಸೊತ್ತಾಗಿ ಉಳಿಯಬೇಕೆಂದು ಯಾವ ಒಪ್ಪಂದವೂ ಹೇಳಿಲ್ಲ.

ಒಪ್ಪಂದ ಹೇಳಿರುವುದು ಅದಕ್ಕೆ ತದ್ವಿರುದ್ಧ. 1949ರ ಆಗಸ್ಟ್ 12ರ ನಾಲ್ಕನೇ ಜಿನೀವಾ ಒಪ್ಪಂದದ 144ನೇ ವಿಧಿಯನ್ನು ಓದಿ. ಇದನ್ನು ಯುದ್ಧಕಾಲದಲ್ಲಿ ಮಾತ್ರವಲ್ಲ, ಶಾಂತಿಕಾಲದಲ್ಲೂ ಸಾಧ್ಯವಾದಷ್ಟು ವ್ಯಾಪಕವಾಗಿ ಪ್ರಚಾರ ಮಾಡಬೇಕು, ಸೈನಿಕ ಶಿಕ್ಷಣದಲ್ಲಿ, ಸಾಧ್ಯವಾದರೆ ನಾಗರಿಕ ಶಿಕ್ಷಣದಲ್ಲೂ ಸೇರಿಸಬೇಕು, ಅದರ ತತ್ವಗಳು ಇಡೀ ಜನತೆಗೆ ತಿಳಿಯಬೇಕು ಎಂದು ಅಲ್ಲಿದೆ. ಭಾರತ 1950ರಲ್ಲೇ ಇದಕ್ಕೆ ಒಪ್ಪಿದೆ. ಇಡೀ ಜನತೆ ಎಂದರೆ ಅರಕಲಗೂಡಿನವರೂ ಸೇರುತ್ತಾರೆ, ಮೂಡಿಗೆರೆಯವರೂ ಸೇರುತ್ತಾರೆ.

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಚೆಯ ಊರಿಗೆ ಊರನ್ನೇ ಸುಟ್ಟುಬಿಡಬೇಕು ಎಂದು ಬರೆದವರಲ್ಲಿ ವಕೀಲರೂ ಇದ್ದರು. ಗಾಜಾ, ಉಕ್ರೇನ್, ಸುಡಾನ್ ನೋಡಿದ ಮೇಲೂ ಈ ಕಾನೂನನ್ನು ನಂಬುತ್ತೀರಾ ಎಂದು ಕೇಳುವವರೂ ಇದ್ದಾರೆ. ನಂಬುತ್ತೇನೆ. ದಾಳಿಯ ಗುರಿ ಯಾವುದಾಗಿತ್ತು, ಆದೇಶ ಕೊಡುವ ಹೊತ್ತಿಗೆ ಸೇನಾಧಿಕಾರಿಗೆ ಏನು ಗೊತ್ತಿತ್ತು, ಜನರಿಗೆ ಮುನ್ಸೂಚನೆ ಕೊಡಲು ಸಾಧ್ಯವಿತ್ತೇ, ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರ ಸಾವು ಮಿತಿಮೀರಿತ್ತೇ ಎಂದು ಕೇಳುವುದನ್ನು ಕಲಿತವರು ಊರು ಸುಡುವ ಮಾತಿಗೆ ಹೆಬ್ಬೆರಳು ಒತ್ತುವುದಿಲ್ಲ.

ಈ ಕಾನೂನಿನ ಮಿತಿಗಳನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ನಮ್ಮ ಸಂಸತ್ತು 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆ ಮಾಡಿತು. ಆದರೆ ಅದರ 17ನೇ ಸೆಕ್ಷನ್ ಪ್ರಕಾರ ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿ ದೂರು ಕೊಡದೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಗೋವಾದ ಪಾದ್ರಿ ಮೊಂತೇರೊ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿ, ಈ ಕಾಯ್ದೆ ವ್ಯಕ್ತಿಗೆ ನ್ಯಾಯಾಲಯದ ಮೊರೆ ಹೋಗುವ ನಿರ್ದಿಷ್ಟ ಹಕ್ಕನ್ನೇನೂ ಕೊಡುವುದಿಲ್ಲ ಎಂದಿತು. ಮೊದಲ ವರ್ಷದ ಅಣಕು ಪ್ರಕರಣಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿದೆ? ಆ ಸೆಕ್ಷನ್ ಇರಬೇಕೇ, ಹೋಗಬೇಕೇ ಎಂದು ಎರಡೂ ಕಡೆ ವಾದಿಸಲಿ.

ನಾನು ಬರೆದಿಟ್ಟುಕೊಂಡಿರುವ ಇನ್ನೊಂದು ಪ್ರಕರಣದಲ್ಲಿ ಹಳೇಬೀಡಿನಂಥ ಊರಿದೆ. ಬಂಡುಕೋರರು ದೇವಾಲಯದ ಜಗತಿಯ ಮೇಲೆ ಕಾವಲು ಠಾಣೆ ಮಾಡಿಕೊಂಡಿದ್ದಾರೆ, ಒಳಗೆ ಊರಿನ ಹೆಂಗಸರು, ಮಕ್ಕಳು ಆಶ್ರಯ ಪಡೆದಿದ್ದಾರೆ, ಹೊರಗಿನಿಂದ ಫಿರಂಗಿ ಗುರಿಯಿಟ್ಟಿದೆ. ಅನಿವಾರ್ಯ ಸೈನಿಕ ಅಗತ್ಯವಿಲ್ಲದೆ ಸ್ಮಾರಕವನ್ನು ಯುದ್ಧಕ್ಕೆ ಬಳಸುವುದೂ ತಪ್ಪು, ಅದರ ಮೇಲೆ ದಾಳಿ ಮಾಡುವುದೂ ತಪ್ಪು ಎನ್ನುವ 1954ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿದ್ದು 1958ರಲ್ಲಿ. ಆಫ್ರಿಕಾದ ಮಾಲಿ ದೇಶದ ಟಿಂಬಕ್ಟುವಿನಲ್ಲಿ ಐತಿಹಾಸಿಕ ಗೋರಿಗಳನ್ನು ಒಡೆಸಿದ ಅಲ್ ಮಹದಿಗೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2016ರಲ್ಲಿ ಒಂಬತ್ತು ವರ್ಷ ಸೆರೆವಾಸ ವಿಧಿಸಿತು. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ದ್ವಾರಸಮುದ್ರ ದಾಳಿ, ಲೂಟಿಗಳನ್ನು ಕಂಡ ಊರು. ಅಲ್ಲಿಯ ಮಕ್ಕಳಿಗೆ ಈ ವಾದದ ತೂಕ ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಇದಕ್ಕೆ ಬೇಕಾದ್ದು ದೊಡ್ಡ ಸಭಾಂಗಣವಲ್ಲ, ಪ್ರವೇಶ ಶುಲ್ಕವಂತೂ ಬೇಡವೇ ಬೇಡ. ಬಾರ್ ಕೌನ್ಸಿಲ್ ನಿಯಮದಂತೆ ಪ್ರತಿ ಕಾನೂನು ವಿದ್ಯಾರ್ಥಿಯೂ ಅಣಕು ನ್ಯಾಯಾಲಯದಲ್ಲಿ ವಾದಿಸಲೇಬೇಕು. ಅದರಲ್ಲಿ ಒಂದನ್ನು ಈ ವಿಷಯಕ್ಕೆ ಕೊಡಿ ಎಂದು ಎರಡೂ ಜಿಲ್ಲೆಗಳ ಪ್ರಾಂಶುಪಾಲರನ್ನು ಕೇಳಿಕೊಳ್ಳುತ್ತೇನೆ. ಮುಖ್ಯ ವಿಧಿಗಳ ಕನ್ನಡ ಅನುವಾದ ನಾನು ಶುರುಮಾಡಿದ್ದೇನೆ, ತಿದ್ದಲು ಅನುಭವಿಗಳು ಬೇಕು. ನಿವೃತ್ತ ಸೈನಿಕರು ಪೀಠದಲ್ಲಿ ಕೂರಲು ಒಪ್ಪಿದರೆ ಇನ್ನೂ ಒಳ್ಳೆಯದು. ಫಿರಂಗಿಯ ಗುರಿ ಎಷ್ಟು ತಪ್ಪಬಹುದು ಎಂದು ಅವರು ಕೇಳುವ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರುವುದಿಲ್ಲ. ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿನ ವಕೀಲರಲ್ಲಿ ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಳ್ಳಬಲ್ಲವರು ದಯವಿಟ್ಟು ನನಗೆ ತಿಳಿಸಿ.